ಬಲಕ್ಕೆ ಒಂದೇ ಸುತ್ತು

ಶಿವರಾತ್ರಿ ಕಳೆದು ಹುಣಸೆ ಬಡಿಯುವ ಕಾಲ. ಕುರಿಗಳನ್ನು ರೊಪ್ಪದಿಂದ ಇನ್ನೂ ಬಿಟ್ಟಿರಲಿಲ್ಲ, ಹಟ್ಟಿಯ ಮೇಲೆ ಬಿಸಿಲು ಬಂದೂ ಬಾರದ ಹೊತ್ತು. ಹುಚ್ಚಣ್ಣ ಹಟ್ಟಿಯ ಹೊರಗಿನ ಬೀಳು ಹೊಲದಲ್ಲಿ ತನ್ನ ಹಳೇ ಪಿಕಪ್ಪಿನ ಸ್ಟೇರಿಂಗನ್ನು ಬಲಕ್ಕೆ ತಿರುಗಿಸುತ್ತ ಕೂತಿದ್ದ. ಜೀಪಿನ ಮೂತಿಯ, ಹಿಂದೆ ತೊಟ್ಟಿಯಿದ್ದ ಗಾಡಿ. ಅವನ ಪ್ರಾಯದಲ್ಲಿ ಕಲ್ಲುಕ್ವಾರಿಯವನೊಬ್ಬನಿಂದ ಕೊಂಡದ್ದು. ಅದರಲ್ಲಿ ಎಷ್ಟು ಕುರಿ ಸಂತೆಗೆ ಹೋದವೋ, ಎಷ್ಟು ಮರಿ ಹುಟ್ಟಿದವೋ ಲೆಕ್ಕವಿಲ್ಲ. ಸ್ಟೇರಿಂಗು ಒಂದು ಸುತ್ತು ಬಂತು, ಇನ್ನರ್ಧ ಬಂತು, ಆಮೇಲೆ ಬಲಗಾಲಿನ ಕೆಳಗೆ ಎಲ್ಲೋ ಕರ್ರ್ ಎಂದು ಹಲ್ಲು ಕಡಿದ ಹಾಗೆ ಸದ್ದಾಗಿ ಕೈಯೊಳಗೇ ಒದರಿ ನಿಂತುಬಿಟ್ಟಿತು. ಗಾಡಿ ತಾನು ಹೋಗಬೇಕಾದ ಕಡೆ ಹೋಗದೆ ತಂಗಡಿ ಗಿಡದೊಳಕ್ಕೆ ಮೂತಿ ತೂರಿಸಿತು. ಅವನಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಇಳಿದು, ಪಂಚೆ ಮೇಲಕ್ಕೆ ಕಟ್ಟಿ, ಮಣ್ಣಿನ ಮೇಲೆ ಅಂಗಾತ ಮಲಗಿ ಚಕ್ರದ ಒಳಮೈಯನ್ನು ನೋಡಿದಾಗ, ಹೊಸ ಟೈರಿನ ಹಿಂಭಾಗ ಸ್ಟೇರಿಂಗಿನ ಉದ್ದ ರಾಡಿಗೆ ಉಜ್ಜಿ ಉಜ್ಜಿ ಕರೀ ಪುಡಿ ಉದುರಿದ್ದು ಕಂಡು, ಎಷ್ಟೋ ಕಾಲದಿಂದ ಮಲಗಿದ್ದ ಯಾವುದೋ ಒಂದು ಹುರುಪು ಅವನೊಳಗೆ ಎದ್ದು ಕೂತಿತು. ಮಾಡಲಿಕ್ಕೆ ಕೆಲಸ ಸಿಕ್ಕಿತ್ತು. ಸಿರಾಕ್ಕೆ ಹೋಗಬೇಕು, ಇವತ್ತೇ ಹೋಗಬೇಕು, ಹಳೇ ಮೆಕ್ಯಾನಿಕ್ಕು ಇನಾಯತುಲ್ಲಾ ಬದುಕಿದ್ದರೆ ಇವತ್ತೇ ಆಗಬೇಕು ಅಂದುಕೊಂಡು ಅವನು ಗಾಡಿಯ ಅಡಿಯಿಂದಲೇ ಕೂಗಿದ, "ಲೇ ವನಜಾ, ಬುತ್ತಿ ಕಟ್ಟು!"

ಅವತ್ತು ಶನಿವಾರ. ಸೋಮವಾರಕ್ಕೆ ವನಜಾಕ್ಷಿ ಹೊಸ ಗಂಡನ ಮನೆಗೆ ಹೊರಡುವುದೆಂದು ಮಾತಾಗಿತ್ತು. ವನಜಾಕ್ಷಿ ಅವನ ಸೊಸೆ, ತೀರಿಹೋದ ಮಗ ಸುರೇಶನ ಹೆಂಡತಿ. ಆ ಹಟ್ಟಿಯಲ್ಲಿ ಒಂದು ನಡಾವಳಿ. ಮನೆಯ ಹೆಣ್ಣು ಗಂಡನ ಮನೆಗೆ ಹೊರಟರೆ ಮನೆಯ ಸ್ವಂತ ಗಾಡಿಯಲ್ಲೇ ಹೊರಡಬೇಕು, ಬಾಡಿಗೆಯದು ಆಗದು. ಗಾಡಿ ಹಟ್ಟಿಯ ನಡುವಿನ ದೇವರ ಗುಡಿಸಲಾದ ಗುಡ್ಲನ್ನು ಬಲಕ್ಕಿಟ್ಟುಕೊಂಡು ಒಂದು ಸುತ್ತು ಬಂದು ಮುಂದಿನ ಬಾಗಿಲಿನಿಂದ ಹೊರಬೀಳಬೇಕು. ಸುತ್ತುವಾಗ ಚಕ್ರ ಹಿಂದಕ್ಕೆ ಉರುಳಬಾರದು. ಉರುಳಿದರೆ ದೇವರು ಒಪ್ಪಲಿಲ್ಲ ಅಂತ. ಎತ್ತಿನಗಾಡಿಯ ಕಾಲದಲ್ಲಿ ಇದೊಂದು ದೊಡ್ಡ ಸಂಗತಿಯಲ್ಲ, ಎತ್ತು ನಿಂತ ಜಾಗದಲ್ಲೇ ತಿರುಗುತ್ತದೆ. ಮೋಟಾರು ಗಾಡಿಗೆ ಹಾಗಲ್ಲ. ಆ ಕಡೆ ಗುಡ್ಲಿನ ಕಲ್ಲುಕಟ್ಟೆ, ಈ ಕಡೆ ಆಳೆತ್ತರದ ಕಾರೆಮುಳ್ಳಿನ ಬೇಲಿ, ನಡುವೆ ಇಷ್ಟೇ ಇಷ್ಟು ದಾರಿ. ಇನ್ನು ಗಂಡ ಸತ್ತವಳು ಎರಡನೇ ಸಲ ಒಬ್ಬನ ಕೈ ಹಿಡಿದರೆ ಅವಳಿಗೆ ಗಾಡಿಯೂ ಇಲ್ಲ, ಸುತ್ತೂ ಇಲ್ಲ. ಮಬ್ಬು ಕವಿದ ಮೇಲೆ ತಿಪ್ಪೆಯ ಪಕ್ಕ ಹಿಂದಿನ ಬೇಲಿಯ ಕಂಡಿಯಿಂದ ಗಂಟು ಹೊತ್ತು ನಡೆದು ಹೋಗುವುದು. ಹುಚ್ಚಣ್ಣನ ಅತ್ತೆಯೊಬ್ಬಳು ಹಾಗೆ ಹೋದದ್ದನ್ನು ಅವನು ಚಿಕ್ಕವನಾಗಿದ್ದಾಗ ನೋಡಿದ್ದ. ಅವಳ ಸೆರಗು ಕಂಡಿಯ ಮುಳ್ಳಿಗೆ ಸಿಕ್ಕಿಕೊಂಡು, ಬಿಡಿಸಿಕೊಡಲು ಯಾರೂ ಹೋಗದೆ, ಹರಿದುಕೊಂಡೇ ಹೋಗಿದ್ದಳು. ಆ ಬಟ್ಟೆಯ ಚೂರು ಮಳೆಗಾಲದವರೆಗೂ ಅಲ್ಲೇ ಆಡುತ್ತಿತ್ತು. ಅದಕ್ಕೇ ಇರಬೇಕು, ಹಟ್ಟಿಯ ಜನ ಕೂತಿದ್ದಾಗ ಅವನು, ಯಾವತ್ತೂ ಹೆಚ್ಚು ಮಾತಾಡದವನು, ಎದ್ದು ನಿಂತು "ನನ್ ಸೊಸೆ ಮುಂದ್ಲ ಬಾಕ್ಲಿಂದ ಹೋಗ್ತಾಳೆ" ಅಂದುಬಿಟ್ಟಿದ್ದ. ದೇವರ ಪೂಜೆ ಮಾಡುವ ಅಡವಯ್ಯ ಬಾಯಿಯ ಎಲೆಯಡಿಕೆ ಉಗಿದು ಬಂದು ನಿಧಾನಕ್ಕೆ, "ಮಗಳಂಗೆ ಕಳಿಸ್ತೀನಿ ಅಂತೀಯ. ಆಗ್ಲಿ ಕಣಪ್ಪ. ಮನೆ ಗಾಡಿ ತಗಂಡು ಬಾ, ನೀನೇ ಹೊಡಿ. ಒಂದೇ ಸುತ್ನಾಗೆ ತಿರುಗುದ್ರೆ ದೇವರು ಒಪ್ಕಂಡ ಅನ್ಕಳಣ. ಚಕ್ರ ಹಿಂದಕ್ಕೆ ಬಂತಾ, ಕಂಡಿ ಇದ್ದೇ ಐತೆ" ಅಂದ. ಜನ ನಕ್ಕರು. ಆ ಪಿಕಪ್ಪು ನಾಯಿಯನ್ನು ಕಂಡರೂ ಹಿಂದಕ್ಕೆ ಬರುತ್ತದೆ ಅಂತ ಯಾರೋ ಅಂದರು. ಹುಚ್ಚಣ್ಣನೂ ನಕ್ಕ. ಮನೆಗೆ ಬರುವ ಹೊತ್ತಿಗೆ ಕಿವಿ ಬಿಸಿಯಾಗಿತ್ತು.

ಹೊಸ ಟೈರು ಹಾಕಿಸಿದ್ದು ಆಮೇಲೆ, ಅವನದೇ ಬುದ್ಧಿ. ಹಳೆಯವು ಸವೆದು ನೂಲು ಬಿಟ್ಟಿದ್ದವು. ಸೊಸೆ ಹೋಗುವ ಗಾಡಿ ತಗ್ಗಿ ನಿಲ್ಲಬಾರದು ಅಂತ ಅವನ ಮನಸ್ಸಿಗೆ ಬಂದುಬಿಟ್ಟಿತ್ತು. ಟೈರಿನಂಗಡಿಯವನು ಹಳೇ ಅಳತೆಯದು ತರಿಸಬೇಕು ಅಜ್ಜ, ಈ ದೊಡ್ಡವು ಹಾಕ್ಸಿ ನೋಡು, ಆನೆ ನಿಂತಂಗೆ ನಿಲ್ತದೆ ಅಂದಾಗ ಅವನಿಗೆ ಆ ಆನೆ ಕಣ್ಣಿಗೆ ಕಟ್ಟಿತು. ನಿಜಕ್ಕೂ ಹಾಗೇ ನಿಂತಿತು. ಹಟ್ಟಿಯವರೆಲ್ಲ ತಲೆ ಎತ್ತಿ ನೋಡಿದರು. ನೇರ ದಾರಿಯಲ್ಲಿ ರಾಜನ ಹಾಗೆ ಹೋಗುತ್ತಿತ್ತು, ಬಲಕ್ಕೆ ತಿರುಗಿಸುವವರೆಗೆ.

ವನಜಾಕ್ಷಿ ಬುತ್ತಿಯ ಜೊತೆ ತಾನೂ ಬಂದು ಪಕ್ಕದಲ್ಲಿ ಕೂತಳು. "ನೀನ್ಯಾಕಮ್ಮಿ? ಮದ್ವೆ ಹೆಣ್ಣು" ಅಂದರೆ, "ನನ್ ಮದ್ವೆ ಗಾಡಿ. ಏನ್ ಮಾಡ್ತೀಯೋ ನೋಡ್ಬೇಕು" ಅಂದಳು. ಅವನ ಕಡೆಯ ಕಿಟಕಿಗೆ ಬಂದು ನಿಂತ ಅವನ ಹೆಂಡತಿ ರಂಗಕ್ಕ ಮೊರದ ರಾಗಿಯನ್ನು ಸುಮ್ಮನೆ ಕೇರುತ್ತ, ಅವನಿಗೆ ಮಾತ್ರ ಕೇಳುವ ಹಾಗೆ, "ಮಗನ ಹೆಂಡ್ತೀನ ಕಳ್ಸಕ್ಕೆ ಇಂಗೆ ಕುಣೀತೀಯಲ್ಲ. ಇಂಥಾ ಮುಖ ನಿಂದು ನಾನ್ ನೋಡಿ ಎಷ್ಟ್ ಕಾಲ ಆತು" ಅಂದಳು. ಅದು ಬೈಗುಳವೋ ಅಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಐ.ಡಿ.ಹಳ್ಳಿ ದಾಟಿ ಡಾಂಬರು ಸಿಕ್ಕ ಮೇಲೂ ಆ ಮಾತು ಹಿಂದಿನ ತೊಟ್ಟಿಯಲ್ಲಿ ಕಟ್ಟದೆ ಬಿಟ್ಟ ಡಬ್ಬದ ಹಾಗೆ ಉರುಳಾಡುತ್ತ ಬಂತು. ಕುಣಿಯುತ್ತಿದ್ದನೇ ಅವನು? ಸೊಸೆ ತಾನು ಒಪ್ಪಿದ ಆ ಪಾವಗಡದ ಹುಡುಗನ ವಿಷಯ ಹೇಳುವ ಮೊದಲೇ ಅವನಿಗೆ ತಿಳಿದಿತ್ತು. ಪಾವಗಡದ ಸೋಲಾರ್ ಬಯಲಿನಲ್ಲಿ ಆ ಗಾಜಿನ ಹಲಗೆಗಳ ನಡುವೆ ಹುಲ್ಲು ಮೇಯಿಸಲು ಬಿಡುತ್ತಾರೆಂದು ಮಾವ ಸೊಸೆ ಇಬ್ಬರೂ ಕುರಿ ಹೊಡೆದುಕೊಂಡು ಹೋಗಿದ್ದರು. ಅಲ್ಲಿ ಹಲಗೆ ತೊಳೆಯುವ ನೀರಿನ ಟ್ಯಾಂಕರ್ ಹೊಡೆಯುತ್ತಿದ್ದವನು ಯುವರಾಜ್. ಮರಿಗಳು ಕುಡಿಯಲಿ ಅಂತ ದಿನಾ ಒಂದು ತಗ್ಗಿಗೆ ನೀರು ಬಿಡುತ್ತಿದ್ದ. ಅವನು ತೆಲುಗಿನಲ್ಲಿ ಏನೋ ಅಂದ, ವನಜಾಕ್ಷಿ ನಕ್ಕಳು. ಸುರೇಶ ಹೋದ ಮೇಲೆ ಅವಳು ನಕ್ಕದ್ದನ್ನು ಹುಚ್ಚಣ್ಣ ಕೇಳಿರಲಿಲ್ಲ. ಹಲಗೆಯ ನೆರಳಿನಲ್ಲಿ ಕಂಬಳಿ ಹೊದ್ದು ಮಲಗಿದ್ದ ಅವನು ಎದ್ದು ಕೂರಲಿಲ್ಲ, ನಿದ್ದೆ ಬಂದವನ ಹಾಗೆ ಮಲಗೇ ಇದ್ದ. ಆ ನಗೆ ಕೇಳಿ ಖುಷಿಯಾಗಿತ್ತು. ಖುಷಿಯ ಹಿಂದೆಯೇ, ಯಾರೋ ತನ್ನ ಹಿಂಡಿನಿಂದ ಒಂದು ಕುರಿಯನ್ನು ಮೆಲ್ಲಗೆ ಬೇರೆ ಮಾಡುತ್ತಿದ್ದಾರೆ ಅನ್ನಿಸಿ ಕಣ್ಣು ಮುಚ್ಚಿಕೊಂಡೇ ಸಿಡುಕಿದ್ದ.

ಮಧುಗಿರಿಯಲ್ಲಿ ಸಿರಾ ರಸ್ತೆಗೆ ಬಲಕ್ಕೆ ತಿರುಗಬೇಕು. ತಿರುಗಲಿಲ್ಲ. ಕರ್ರ್ ಎಂದು ನಡುರಸ್ತೆಯಲ್ಲಿ ಅಡ್ಡಡ್ಡ ನಿಂತಿತು. ಹಿಂದಿನ ಬಸ್ಸಿನವನು ಹಾರನ್ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ. "ಏನಜ್ಜೋ, ಹಡಗು ತಿರುಗಿಸ್ತಿದೀಯಾ? ರೋಡ್ ಸಾಲ್ದಾ?" ಹುಚ್ಚಣ್ಣನ ಅಂಗೈ ಬೆವೆತು ಗೇರು ಸಿಗಲಿಲ್ಲ. ವನಜಾಕ್ಷಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹಡಗೇ ಕಣಣ್ಣ! ನಿನ್ ಬಸ್ಸು ಮುಳುಗೋ ಹೊತ್ಗೆ ಕೂಗು, ಹತ್ತಿಸ್ಕತೀವಿ" ಅಂದಳು. ಸುತ್ತಲಿದ್ದವರು ಗೊಳ್ಳೆಂದರು, ಬಸ್ಸಿನವನೂ ನಕ್ಕ. ಆದರೆ ಗಾಡಿಯನ್ನು ಹಿಂದಕ್ಕೆ ತೆಗೆಯಲೇಬೇಕಾಯಿತು. ಚಕ್ರ ಹಿಂದಕ್ಕೆ ಉರುಳುವಾಗ ಅವಳು ನಗು ನಿಲ್ಲಿಸಿ ಮಡಿಲಿನ ಬುತ್ತಿಯನ್ನು ನೋಡುತ್ತಿದ್ದಳು. ಅವನು ಅದನ್ನು ನೋಡಬಾರದಿತ್ತು, ನೋಡಿದ.

ಇನಾಯತುಲ್ಲಾ ಬದುಕಿದ್ದ. ಸಿರಾದಲ್ಲಿ ಹಳೇ ರಸ್ತೆಯ ಹೊಂಗೆಮರದ ಕೆಳಗೆ, ಅದೇ ತಗಡಿನ ಚಪ್ಪರ. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ, ಗಡ್ಡಕ್ಕೆ ಮದರಂಗಿ ಹಚ್ಚಿದ್ದ. ಗಾಡಿ ನಿಲ್ಲುವ ಮೊದಲೇ ಎದ್ದು ಬಂದ. "ಅರೆ ಹುಚ್ಚಣ್ಣ! ನೀನಿನ್ನೂ ಇದೀಯಾ? ಸತ್ತೆ ಅಂತ ನಾನು ನಿನಗೆ ದುವಾ ಕೂಡ ಮಾಡಿಬಿಟ್ಟಿದ್ನಲ್ಲೋ!"

"ನಿನ್ ಬಾಯಾಗೆ ಮಣ್ಣಾಕ. ಗಾಡಿ ನೋಡು ಮೊದ್ಲು."

ಇನಾಯತುಲ್ಲಾ ಗಾಡಿಯ ಸುತ್ತ ಒಂದು ಸಲ ಬಂದ. ಟೈರನ್ನು ಕಾಲಿನಲ್ಲಿ ತಟ್ಟಿದ. "ಯಾ ಅಲ್ಲಾ. ಯಾವ ಪುಣ್ಯಾತ್ಮ ಹಾಕ್ದೋನು ಇವು?"

"ನಾನೇ."

"ಆಡಿಗೆ ಕೋಣನ ಕಾಲು ಕಟ್ಟಿದೀಯಲ್ಲೋ. ತಿರುಗು ಅಂದ್ರೆ ಹೆಂಗೆ ತಿರುಗ್ತದೆ?" ಅಂದು ಗೋಣಿತಾಟು ಹಾಸಿ ಕೆಳಗೆ ನುಗ್ಗಿದ. ಅಲ್ಲಿಂದಲೇ ಮಾತಾಡಿದ. ಚಕ್ರ ಎಲ್ಲಿಯವರೆಗೆ ತಿರುಗಬೇಕು ಅಂತ ತಡೆಯಲು ಒಂದು ಬೋಲ್ಟು ಇರ್ತದೆ, ಅದನ್ನ ಒಂಚೂರು ಹೊರಕ್ಕೆ ತೆಗೆದ್ರೆ ಚಕ್ರ ಅಷ್ಟು ತಿರುಗೋದೇ ಇಲ್ಲ. "ತಿರುಗದಿದ್ರೆ ತಾಗೋದೂ ಇಲ್ಲ. ಚಾಯ್ ಕುಡಿ, ಮನೆಗ್ ಹೋಗು."

"ತಿರುಗ್ಬೇಕು ಕಣೋ ಇನಾಯತು."

"ಎಷ್ಟು?"

"ಪೂರಾ. ನಿಂತ ಜಾಗದಾಗೆ ತಿರುಗ್ದಂಗೆ ತಿರುಗ್ಬೇಕು."

ಯಾಕೆ ಅಂತ ಇನಾಯತುಲ್ಲಾ ಕೇಳಿದ. ಹುಚ್ಚಣ್ಣ ಹೇಳಿದ. ಹಟ್ಟಿಯ ಮಾತನ್ನು ಹೊರಗಿನವರಿಗೆ ಹೇಳುವುದು ಅವನಿಗೆ ಅಭ್ಯಾಸವಿಲ್ಲ, ಎರಡೇ ಮಾತಿನಲ್ಲಿ ಮುಗಿಸಿದ. ಆಮೇಲೆ ಇನಾಯತುಲ್ಲಾ ಹೊರಗೆ ಬಂದು, ಮೈ ಕೊಡವಿಕೊಂಡು, ವನಜಾಕ್ಷಿಯನ್ನು ನೋಡಿದ. "ಬೇಟಿ, ಹುಡುಗ ಒಳ್ಳೇವ್ನಾ?"

"ಒಳ್ಳೇವ್ನೇ. ಮಾತೊಂದ್ ಜಾಸ್ತಿ."

"ಮಾತು ಜಾಸ್ತಿ ಇದ್ರೆ ಪರವಾಗಿಲ್ಲ. ಈ ನಿನ್ ಮಾವನ ಥರ ಮೂಗಬಸವ ಆಗ್ಬಾರ್ದು" ಅಂದವನೇ ಅಂಗಿಯ ತೋಳು ಮೇಲಕ್ಕೆ ಸರಿಸಿದ. "ಚಲೋ. ಬೋಲ್ಟ್ ಮುಟ್ಟೋದು ಬೇಡ. ಜಾಗ ಮಾಡಣ."

ಜಾಗ ಮಾಡುವುದು ಎಂದರೆ ಹೇಗೆ ಅಂತ ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಜಗಳವಾಡಿದರು. ರಾಡನ್ನು ಬಗ್ಗಿಸೋಣ ಅಂದ ಹುಚ್ಚಣ್ಣ. ಬಗ್ಗಿಸಿದ ರಾಡು ದಾರಿಯಲ್ಲಿ ಮುರಿದರೆ ಮದುವೆ ಹೆಣ್ಣನ್ನು ಕೆರೆಗೆ ಹಾಕ್ತೀಯ ಅಂದ ಇನಾಯತುಲ್ಲಾ. ಚಕ್ರ ಹೊರಕ್ಕೆ ಸರಿಸೋಣ, ಸರಿಸಿದರೂ ಸಾಲದು. ಆದರೆ ಇನಾಯತುಲ್ಲಾನಿಗೆ ಏನೋ ಸರಿ ಕಾಣಲಿಲ್ಲ. ಟೈರು ದೊಡ್ಡದು ನಿಜ, ಇಷ್ಟೊಂದು ತಾಗಬಾರದು ಅನ್ನುತ್ತಲೇ ಇದ್ದ. ಹುಚ್ಚಣ್ಣ ತನ್ನ ಕಂಬಳಿಯ ಅಂಚಿನಿಂದ ಒಂದು ನೂಲು ಎಳೆದ. ಎಡಗಡೆಯ ಸ್ಪ್ರಿಂಗ್ ಪಟ್ಟಿಯ ಕಿವಿಯಿಂದ ಆಕ್ಸಲ್ಲಿಗೆ ಹಿಡಿದು ಗಂಟು ಹಾಕಿ, ಅದೇ ನೂಲನ್ನು ಬಲಗಡೆ ಹಿಡಿದ. ಕುರಿಯ ಕಾಲು ಉಳುಕಿದರೆ ಹೀಗೇ ಅಳೆಯುವುದು, ಒಳ್ಳೇ ಕಾಲಿಗೂ ಕೆಟ್ಟ ಕಾಲಿಗೂ ಒಂದೇ ನೂಲು. ಗಂಟು ಒಂದು ಕಡೆ ನಿಂತಿತು, ಆಕ್ಸಲ್ಲು ಅದಕ್ಕಿಂತ ಹೆಬ್ಬೆಟ್ಟಿನಷ್ಟು ಹಿಂದೆ. ಇನಾಯತುಲ್ಲಾ ನೂಲನ್ನು ಕಿತ್ತುಕೊಂಡು ತಾನೂ ಹಿಡಿದು ನೋಡಿದ. "ಅಬ್ಬಬ್ಬಾ! ಪಟ್ಟಿ ಹಿಡಿಯೋ ಸೆಂಟರ್ ಬೋಲ್ಟು ತುಂಡಾಗಿದೆ ಕಣೋ. ಬಲಗಡೆ ಚಕ್ರಾನೇ ಹಿಂದಕ್ಕೆ ಜರುಗಿ ಕೂತದೆ! ಟೈರಿಂದು ಅರ್ಧ, ಇದರದ್ದು ಅರ್ಧ. ಎಲ್ಲಿ ಎತ್ತಾಕ್ದೆ? ಇದು ಇವತ್ತು ನಿನ್ನೆದಲ್ಲ, ತುಕ್ಕು ನೋಡು."

ಎಲ್ಲಿ ಎಂದು ಕೇಳಬೇಕಾಗಿರಲಿಲ್ಲ. ಮದಲೂರು ಕೆರೆಯ ಏರಿ. ಸುರೇಶ ಕೆರೆಯಂಗಳದಲ್ಲಿ ಕುರಿ ಬಿಟ್ಟುಕೊಂಡಿದ್ದ, ಮುಂಗಾರಿನ ಮೊದಲ ಸಿಡಿಲು ಬಿತ್ತು. ಸುದ್ದಿ ಬಂದಾಗ ಹುಚ್ಚಣ್ಣ ಇದೇ ಗಾಡಿ ಹೊಡೆದುಕೊಂಡು ಏರಿ ಇಳಿಸಿದ್ದ, ದಾರಿ ಹುಡುಕಲಿಲ್ಲ, ಕಲ್ಲಿನ ಮೇಲೆಯೇ ಹತ್ತಿಸಿದ್ದ. ಬರುವಾಗ ಮಗನ ತಲೆ ವನಜಾಕ್ಷಿಯ ತೊಡೆಯ ಮೇಲಿತ್ತು, ಹಿಂದಿನ ತೊಟ್ಟಿಯಲ್ಲಿ. ಜೀವ ಇದೆ ಅಂತ ಅವಳು ಕೂಗುತ್ತಿದ್ದಳು, ಇರಲಿಲ್ಲ. ಏರಿ ಹತ್ತುವಾಗ ಕೆಳಗೆ ಟಪ್ ಎಂದು ಏನೋ ಮುರಿದದ್ದು ಕೇಳಿತ್ತು. ನಿಲ್ಲಿಸಲಿಲ್ಲ. ಅವತ್ತಿನಿಂದ ಗಾಡಿ ಬಲಕ್ಕೆ ಎಳೆಯುತ್ತಿತ್ತು, ಅವನು ಎಡಕ್ಕೆ ಹಿಡಿದು ಹಿಡಿದು ಅದನ್ನೇ ನೇರ ಅಂದುಕೊಂಡಿದ್ದ. "ಯಾವಾಗ್ಲೋ" ಅಂದ ಅವನು. ವನಜಾಕ್ಷಿ ಕೈದೀಪವನ್ನು ತೆಗೆದುಕೊಂಡು ಗಾಡಿಯ ಕೆಳಗೆ ನುಗ್ಗಿ, "ಎಲ್ಲಿ ಹಿಡೀಬೇಕು ಹೇಳಿ" ಅಂದಳು.

ಆಮೇಲೆ ಶುರುವಾಯಿತು. ಗಾಡಿಯ ಮೂತಿಯನ್ನು ಜಾಕಿನ ಮೇಲೆ ಎತ್ತಿ, ಚಕ್ರ ಕಳಚಿ, ತುಕ್ಕು ಹಿಡಿದ ನಟ್ಟಿಗೆ ಡೀಸೆಲ್ ಕುಡಿಸಿ, ಅದು ಬಿಡದೆ, ನಟ್ಟು ಬಿಚ್ಚುವ ಪಾನಾಕ್ಕೆ ಉದ್ದ ಪೈಪು ಸಿಕ್ಕಿಸಿ ಇಬ್ಬರು ಮುದುಕರೂ ಅದರ ಮೇಲೆ ಜೋತುಬಿದ್ದರು. ಕಟ್ ಎಂದು ನಟ್ಟು ಬಿಟ್ಟಾಗ ಇಬ್ಬರೂ ಒಟ್ಟಿಗೆ ಕುಂಡಿಯ ಮೇಲೆ ಕೂತರು. ಇನಾಯತುಲ್ಲಾ ಉರ್ದುವಿನಲ್ಲಿ ಬೈದ, ಹುಚ್ಚಣ್ಣ ಕನ್ನಡದಲ್ಲಿ ಬೈದ, ವನಜಾಕ್ಷಿ ಕೆಳಗಿನಿಂದ "ಹೆಣ್ ಮಕ್ಳು ಅವ್ರೆ ಇಲ್ಲಿ" ಅಂದಳು. ಪಟ್ಟಿಗಳ ನಡುವಿನ ಹಳೇ ಬೋಲ್ಟಿನ ಮೋಟು ಹೊರಬಂತು, ಹಲ್ಲು ಕಿತ್ತ ಹಾಗೆ. ಹೊಸದು ಹಾಕಲು ಆಕ್ಸಲ್ಲನ್ನು ಮುಂದಕ್ಕೆ ಎಳೆಯಬೇಕು. ಹೊಂಗೆಮರಕ್ಕೆ ಸರಪಳಿ ಬಿಗಿದು, ಹಾರೆ ಕೊಟ್ಟು, ಮೂವರೂ ಒಂದೇ ಉಸಿರಿಗೆ ಎಳೆದರು. ಬರಲಿಲ್ಲ. ಮತ್ತೆ ಎಳೆದರು. ಹುಚ್ಚಣ್ಣನಿಗೆ ಮೈಯೆಲ್ಲ ಕಣ್ಣಾದ ಹಾಗೆ, ಬೆವರು ಕಣ್ಣಿಗಿಳಿದರೂ ಒರೆಸುವಷ್ಟು ಪುರುಸೊತ್ತಿಲ್ಲ. ಬಾ ನನ್ನಪ್ಪ, ಇನ್ನೊಂಚೂರು, ಇನ್ನೊಂದು ಗುಲಗಂಜಿಯಷ್ಟು ಅಂತ ಈಯುವ ಕುರಿಗೆ ಹೇಳುವಂತೆ ಹೇಳುತ್ತಿದ್ದ. ಸುರೇಶನೂ ಅವನೂ ಒಂದು ಯುಗಾದಿಯ ಹಿಂದಿನ ದಿನ ಇಂಜಿನ್ನು ಬಿಚ್ಚಿ ಕೂತು ಹಬ್ಬವನ್ನೇ ಮರೆತಿದ್ದರು, ರಂಗಕ್ಕ ಹೋಳಿಗೆಯನ್ನು ಗಾಡಿಯ ಕೆಳಗೇ ತಂದು ಬಾಯಿಗೆ ಇಟ್ಟಿದ್ದಳು. ಇದು ಆ ಖುಷಿಯೇ. ಬೇರೆ ಯಾವುದೂ ಅಲ್ಲ. ಅದು ಮತ್ತೆ ಬರುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ, ಬಂದದ್ದಕ್ಕೆ ನಾಚಿಕೆಯೂ ಆಯಿತು. ಆಕ್ಸಲ್ಲು ಸರಕ್ಕನೆ ಮುಂದಕ್ಕೆ ಬಂದು ಹೊಸ ಬೋಲ್ಟು ತೂತಿನೊಳಗೆ ತಾನಾಗಿ ಬಿದ್ದ ಸದ್ದಿಗೆ ಅವನು ಕೂಗಿಬಿಟ್ಟ. ಎದುರಿನ ಚಾಯ್ ಅಂಗಡಿಯವರು ಯಾರಿಗಾದರೂ ಪೆಟ್ಟಾಯಿತೇ ಅಂತ ಓಡಿಬಂದರು.

ಬುತ್ತಿ ಬಿಚ್ಚಿದಾಗ ಯುವರಾಜನ ಫೋನು ಬಂತು. ವನಜಾಕ್ಷಿಯ ಕೈಯೆಲ್ಲ ಗ್ರೀಸು, ಮೊಣಕೈಯಿಂದ ಒತ್ತಿ ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ಹುಡುಗನದು ಅರ್ಧ ತೆಲುಗು, ಅರ್ಧ ಕನ್ನಡ. "ಏಮಿ ಮಾವಾ, ಗಾಡಿ ಹೆಂಗುಂದಿ? ಆಗಲ್ಲಾಂದ್ರೆ ಚೆಪ್ಪು, ಹೇಳು, ನಾನ್ ಟ್ಯಾಂಕರ್ ತಗೊಂಡ್ ವಸ್ತಾನು!"

"ನೀರ್ ಟ್ಯಾಂಕರ್‌ನಾಗೆ ನನ್ನ ಕರ್ಕಂಡೋಗ್ತೀಯೇನೋ, ಮುಚ್ಕಂಡಿರು!" ಅಂದಳು ವನಜಾಕ್ಷಿ.

"ಅದು ಕಾದು, ಅದಲ್ಲ, ಮಾವನ ಹತ್ರ ಮಾಟ್ಲಾಡ್ಬೇಕು." ದನಿ ಸ್ವಲ್ಪ ತಗ್ಗಿತು. "ಮಾವಾ, ಕಂಡಿಯಿಂದ ಬಂದ್ರೂ ನನಗೇನೂ ಇಲ್ಲ. ಕಂಡಿ ಆಚೆ ನಾನ್ ನಿಂತಿರ್ತೀನಿ. ನೀನ್ ಟೆನ್ಷನ್ ಪಡೊದ್ದು, ಬೇಡ."

ಹುಚ್ಚಣ್ಣ ತುತ್ತನ್ನು ಅಲ್ಲೇ ಹಿಡಿದ. ಹುಡುಗ ಒಳ್ಳೆಯ ಮಾತನ್ನೇ ಆಡಿದ್ದ. ಆದರೂ, ತಾನು ಕೊಡುವುದನ್ನು ಬೇಡ ಅನ್ನುವ ಹಕ್ಕು ಇವನಿಗೆ ಎಲ್ಲಿಂದ ಬಂತು ಅಂತ ಒಳಗೆ ಚುರ್ರೆಂದಿತು. "ಮುಂದ್ಲ ಬಾಕ್ಲಾಗೇ ನಿಂತಿರು" ಅಂದ, ಬೇಕಾದ್ದಕ್ಕಿಂತ ಜೋರಾಗಿ.

ಮಧ್ಯಾಹ್ನದ ಮೇಲೆ ಇನಾಯತುಲ್ಲಾ ಹಳೇ ಕಬ್ಬಿಣದ ರಾಶಿಯಲ್ಲಿ ಕೈಯಾಡಿಸಿ ಒಂದು ದುಂಡನೆಯ ತಟ್ಟೆ ಹುಡುಕಿದ, ಒಬ್ಬಟ್ಟಿನಷ್ಟು ದಪ್ಪದ್ದು, ಅಂಥದೇ ಇನ್ನೊಂದು. ಚಕ್ರಕ್ಕೂ ಆಕ್ಸಲ್ಲಿನ ತುದಿಯ ಗುಂಬಕ್ಕೂ ನಡುವೆ ಅದನ್ನು ಕೂರಿಸಿದರೆ ಚಕ್ರ ಅಷ್ಟು ಹೊರಕ್ಕೆ ನಿಲ್ಲುತ್ತದೆ. ಸ್ಟೇರಿಂಗಿನ ಕೀಲುಗಳು ಸವೆದು ಆಡುತ್ತಿದ್ದವು, ಅವನ್ನೂ ಬದಲಿಸಿದ. ಎಲ್ಲ ಬಿಗಿದು, ಗಾಡಿ ಇಳಿಸಿ, ಹುಚ್ಚಣ್ಣ ತನ್ನ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ರಾಡಿನ ಉದ್ದಕ್ಕೂ ಬಳಿದ. ಟೈರು ತಾಗಿದರೆ ಸುಣ್ಣ ಅಂಟಲೇಬೇಕು. ಅವನೇ ಹತ್ತಿ ಕೂತ. ಚಪ್ಪರದ ಮುಂದಿನ ಬಯಲಿನಲ್ಲಿ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದ, ಒಂದು ಸುತ್ತು, ಇನ್ನರ್ಧ, ಈಗ ಬರುತ್ತದೆ, ಈಗ ಕರ್ರ್ ಅನ್ನುತ್ತದೆ, ಅನ್ನಲಿಲ್ಲ, ಇನ್ನೂ ತಿರುಗಿತು, ತಡೆಯುವ ಬೋಲ್ಟಿಗೆ ತಾಗಿ ತಾನೇ ನಿಂತಿತು. ಗಾಡಿ ಹೊಂಗೆಮರವನ್ನು ಬಲಕ್ಕಿಟ್ಟುಕೊಂಡು ಸುತ್ತತೊಡಗಿತು, ಗಾಣದೆತ್ತಿನ ಹಾಗೆ. ಇನಾಯತುಲ್ಲಾ ಪಕ್ಕದಲ್ಲೇ ಬಗ್ಗಿ ಬಗ್ಗಿ ಓಡುತ್ತ, ಆ ವಯಸ್ಸಿನಲ್ಲಿ, ಟೈರನ್ನು ನೋಡುತ್ತ, "ಅಂಟಿಲ್ಲ! ಹುಚ್ಚಣ್ಣಾ, ಅಂಟಿಲ್ಲ ಕಣೋ! ಬಿಲ್ಕುಲ್ ಅಂಟಿಲ್ಲ!" ಅಂತ ಅರಚಿದ. ವನಜಾಕ್ಷಿ ಚಪ್ಪಾಳೆ ತಟ್ಟಿದಳು. ಗ್ರೀಸಿನ ಕೈಯಲ್ಲಿ ಮುಖ ಒರೆಸಿಕೊಂಡು ಹಣೆಯ ಮೇಲೆ ಕಪ್ಪು ಪಟ್ಟೆ ಬಿದ್ದಿತ್ತು. ಹುಚ್ಚಣ್ಣ ನಿಲ್ಲಿಸದೆ ಇನ್ನೊಂದು ಸುತ್ತು ಬಂದ, ಮತ್ತೂ ಒಂದು, ಹುಡುಗರ ಹಾಗೆ. ಅವಳ ಮುಖ ಪ್ರತಿ ಸುತ್ತಿನಲ್ಲೂ ಒಂದು ಸಲ ಕಾಣುತ್ತಿತ್ತು, ಒಂದು ಸಲ ಮರೆಯಾಗುತ್ತಿತ್ತು. ಯಾವ ಸುತ್ತಿನಲ್ಲೋ ಅವನಿಗೆ ಹೊಳೆಯಿತು, ಇನ್ನು ಕೆಟ್ಟದ್ದು ಏನೂ ಉಳಿದಿಲ್ಲ. ರಿಪೇರಿ ಮುಗಿದುಹೋಯಿತು. ಕೈದೀಪ ಹಿಡಿಯಲಿಕ್ಕೆ ಅವಳು ಇನ್ನು ಬೇಕಾಗಿಲ್ಲ. ಅವನು ಬ್ರೇಕು ಒತ್ತಿದ.

ವಾಪಸು ಬರುವಾಗ ಗಾಡಿ ನೇರಕ್ಕೆ ಹೋಗುತ್ತಿತ್ತು. ಅವನ ಕೈ ಮಾತ್ರ ಅಭ್ಯಾಸಬಲದಿಂದ ಎಡಕ್ಕೆ ಎಳೆಯುತ್ತಿತ್ತು. ಎರಡು ಸಲ ರಸ್ತೆ ಅಂಚಿನ ಮಣ್ಣಿಗೆ ಇಳಿಯಿತು. "ನಿದ್ದೆ ಬಂತಾ ಮಾವಾ?" ಅಂದಳು ಅವಳು. ಮಧುಗಿರಿಯ ತಿರುವಿನಲ್ಲಿ, ಈಗ ಎಡಕ್ಕೇ ಆದರೂ, ಗಾಡಿ ಬೆಣ್ಣೆಯ ಹಾಗೆ ತಿರುಗಿತು, ನೋಡಲಿಕ್ಕೆ ಆ ಬಸ್ಸಿನವನು ಇರಲಿಲ್ಲ.

ಭಾನುವಾರ ಹಟ್ಟಿಯೆಲ್ಲ ಇದೇ ಮಾತು. ಅಡವಯ್ಯ ಬಂದು ಟೈರನ್ನು ನೋಡಿ, "ಸಿರಾದ ಸಾಬರು ಮಾಡವ್ರೆ ಅಂದ್ರೆ ಗಟ್ಟಿಯಾಗೇ ಮಾಡಿರ್ತಾರೆ" ಅಂದ. ಬೈಯಲು ಬಂದವನೋ ನೋಡಲು ಬಂದವನೋ ಅವನಿಗೇ ತಿಳಿದ ಹಾಗಿರಲಿಲ್ಲ. ಹೋಗುವಾಗ, "ನಾನೇನ್ ಹಗೆ ಅಲ್ಲ ಕಣಣ್ಣ. ನಡಾವಳಿ ಕಾಯೋನು ಯಾರಾದ್ರೂ ಒಬ್ಬ ಇರ್ಬೇಕಲ್ಲ" ಅಂದ. ಹುಚ್ಚಣ್ಣ ಅವನಿಗೆ ಎಲೆ ಕೊಟ್ಟ.

ಸೋಮವಾರ ಬೆಳಗಾಗುತ್ತಲೇ ಮುಂದಿನ ಬಾಗಿಲಾಚೆ ಯುವರಾಜನ ಕಡೆಯವರ ಮೋಟರುಬೈಕುಗಳು ಬಂದು ನಿಂತವು. ಹಟ್ಟಿಯ ಜನ ಗುಡ್ಲಿನ ಕಟ್ಟೆಯ ಮೇಲೆ, ಮನೆಗಳ ಜಗಲಿಯ ಮೇಲೆ, ಎಲ್ಲ ಕಡೆ. ರಂಗಕ್ಕ ಒಳಗಿನಿಂದ ವನಜಾಕ್ಷಿಯನ್ನು ಕರೆದುಕೊಂಡು ಬಂದಳು. ಎಲ್ಲರೂ ನೋಡುವ ಹಾಗೆ ಅವಳ ಸೆರಗನ್ನು ಹರವಿ ಮಡಿಲಕ್ಕಿ ಹೊಯ್ದಳು, ಹೆತ್ತ ಮಗಳಿಗೆ ಹೊಯ್ದಂತೆ. ಹಾಗೆ ಮಾಡುತ್ತೇನೆ ಅಂತ ಗಂಡನಿಗೂ ಹೇಳಿರಲಿಲ್ಲ. ಸ್ಟೇರಿಂಗು ಹಿಡಿದು ಕೂತಿದ್ದ ಹುಚ್ಚಣ್ಣನಿಗೆ ಅದೊಂದನ್ನು ತಡೆಯಲಾಗಲಿಲ್ಲ. ಮೂರು ದಿನದಿಂದ ಎದೆಯೊಳಗೆ ಓಡುತ್ತಿದ್ದ ಇಂಜಿನ್ನು ಆ ಅಕ್ಕಿ ಬಿದ್ದ ಸದ್ದಿಗೆ ಕೆಮ್ಮಿ ನಿಂತ ಹಾಗಾಯಿತು. ವನಜಾಕ್ಷಿ ಬಂದು ಪಕ್ಕದಲ್ಲಿ ಕೂತಳು. ಸೀರೆ ಹೊಸದು, ವಾಸನೆ ಹೊಸದು. ಅವನು ಗೇರು ಹಾಕಿದ.

ಗುಡ್ಲಿನ ಮುಂಭಾಗ ಸಲೀಸು. ಮೊದಲ ತಿರುವೂ ಸಲೀಸು. ಜನ ಜೊತೆಗೇ ನಡೆದು ಬಂದರು, ಎಲ್ಲರ ಕಣ್ಣೂ ಚಕ್ರದ ಮೇಲೆ. ಹಿಂಭಾಗಕ್ಕೆ ಬಂದಾಗ ದಾರಿ ಸೊಂಟದ ಹಾಗೆ ಕಿರಿದಾಯಿತು. ಇಲ್ಲಿ ಪೂರಾ ಬೇಕು. ಅವನು ತಿರುಗಿಸಿದ, ಒಂದು ಸುತ್ತು, ಇನ್ನರ್ಧ. ಕರ್ರ್ ಅನ್ನಲಿಲ್ಲ. ಕೈಯೊಳಗೆ ಸ್ಟೇರಿಂಗು ಹಗುರಾಗಿ, ಇನ್ನೂ ತಿರುಗಲು ಕಾದು ಕೂತಿತ್ತು. ಆದರೆ ಕೈ ಅಲ್ಲೇ ನಿಂತಿತು. ಅವನು ನಿಲ್ಲಿಸಿದನೋ, ಕೈ ತಾನಾಗಿ ನಿಂತಿತೋ. ಗಾಡಿ ಮುಂದಕ್ಕೆ ತೆವಳುತ್ತಿತ್ತು, ಎಡಗಡೆಯ ಚಕ್ರದ ಮೇಲಿನ ರೆಕ್ಕೆ ಕಾರೆಮುಳ್ಳಿಗೆ ತಾಗಿ ಗೀರುವ ಸದ್ದು ಬಂತು. ಜನ ಹೋ ಅಂದರು. ಇನ್ನೊಂದು ಮೊಳ ಹೋದರೆ ಬೇಲಿ, ನಿಲ್ಲಿಸಬೇಕು, ಹಿಂದಕ್ಕೆ ತೆಗೆಯಬೇಕು. ತೆಗೆದರೆ ಏನಾಯಿತು? ಟೈರು ತಾಗಿತು ಅಂದರೆ ಯಾರು ಕೆಳಗೆ ಮಲಗಿ ನೋಡುತ್ತಾರೆ? ದೇವರು ಒಪ್ಪಲಿಲ್ಲ ಅನ್ನುತ್ತಾರೆ. ಆಮೇಲೆ ಒಂದು ದಿನ ಕತ್ತಲಲ್ಲಿ ಕಂಡಿಯಿಂದ ಹೋಗುವುದಕ್ಕೆ ಅವಳ ಮನಸ್ಸು ಒಪ್ಪೀತೇ? ಒಪ್ಪಲಿಕ್ಕಿಲ್ಲ. ಉಳಿಯುತ್ತಾಳೆ. ನಾಳೆ ಬೆಳಿಗ್ಗೆ ರೊಪ್ಪದ ಬಾಗಿಲು ತೆಗೆಯುವಾಗ ಅವಳು ಮರಿಗಳನ್ನು ಹೆಸರು ಹಿಡಿದು ಕೂಗುವ ದನಿ ಕೇಳಿಸುತ್ತದೆ, ಸುರೇಶನ ದನಿಯಲ್ಲಿದ್ದ ಅದೇ ರಾಗದಲ್ಲಿ, ಅವನಿಂದಲೇ ಅವಳು ಕಲಿತದ್ದು. ಇಷ್ಟೆಲ್ಲ ಒಂದು ಮೊಳ ದೂರದೊಳಗೆ ಅವನ ತಲೆಯಲ್ಲಿ ಹಾದುಹೋಯಿತು. ಯಾರ ತಪ್ಪೂ ಅಲ್ಲದೆ ಆಗಿಹೋಗುವ ಕೆಲಸ.

ವನಜಾಕ್ಷಿ ಬೇಲಿಯನ್ನು ನೋಡುತ್ತಿರಲಿಲ್ಲ. ಅವನ ಕೈಯನ್ನು ನೋಡುತ್ತಿದ್ದಳು.

"ಮಾವಾ" ಅಂದಳು, ಹೊರಗಿನವರಿಗೆ ಕೇಳದ ಹಾಗೆ. "ಬ್ಯಾಡ ಅನ್ನಂಗಿದ್ರೆ ನೀನೇ ಬಾಯ್ಬುಟ್ಟು ಹೇಳ್ಬುಡು. ಇಳ್ದು ಹೋಗ್ತೀನಿ. ಗಾಡಿ ಮ್ಯಾಲೆ ಹಾಕ್ಬ್ಯಾಡ."

ಮದಲೂರಿನ ಏರಿಯ ಮೇಲೂ ಅವಳು ಒಂದು ಮಾತು ಕೂಗಿದ್ದಳು, ಜೀವ ಇದೆ ಅಂತ. ಅವತ್ತು ಅದು ಸುಳ್ಳಾಗಿತ್ತು, ಇವತ್ತಿನದು ನಿಜ. ಅವಳ ಮುಖ ನೋಡಲಾಗಲಿಲ್ಲ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಬಲಕ್ಕೆ ತಳ್ಳಿದ. ಅದು ಬಂತು. ಎಷ್ಟು ಸುಲಭವಾಗಿ ಬಂತೆಂದರೆ ಅವನಿಗೆ ನಗು ಬಂತು, ಕಣ್ಣಲ್ಲಿ ನೀರೂ. ಬೋಲ್ಟಿಗೆ ತಾಗುವವರೆಗೂ ತಿರುಗಿಸಿದ. ಮುಳ್ಳು ರೆಕ್ಕೆಯಿಂದ ಬಾಗಿಲಿಗೆ, ಬಾಗಿಲಿನಿಂದ ತೊಟ್ಟಿಗೆ ಉದ್ದಕ್ಕೂ ಗೀರುತ್ತ ಬಂದು, ಕೊನೆಗೆ ಬಿಟ್ಟುಕೊಟ್ಟಿತು. ಗಾಡಿಯ ಮೂತಿ ಗುಡ್ಲಿನ ಮೂಲೆ ದಾಟಿತು. ಎದುರಿಗೆ ಮುಂದಿನ ಬಾಗಿಲು, ಅದರಾಚೆ ಹಳದಿ ಅಂಗಿ ತೊಟ್ಟು ಎರಡು ಕೈಯನ್ನೂ ಮೇಲೆತ್ತಿ ಕುಣಿಯುತ್ತಿದ್ದ ಯುವರಾಜ್.

"ಹಿಂದಕ್ಕೆ ಬರ್ಲಿಲ್ಲ! ಬರ್ಲಿಲ್ಲ ಕಣ್ಲಾ!" ಅಂತ ಯಾರೋ ಕೂಗಿದರು. ಆಮೇಲೆ ಎಲ್ಲರೂ ಕೂಗಿದರು. ಅಡವಯ್ಯ ಮಾತ್ರ ಕೂಗಲಿಲ್ಲ, ಕಟ್ಟೆಯ ಮೇಲಿಂದ ಇಳಿದು ಬಂದು ಚಕ್ರದ ಗುರುತಿನ ಮೇಲೆ ನೀರು ಚಿಮುಕಿಸಿದ. ಮನೆಮಗಳು ಗಂಡನ ಮನೆಗೆ ಹೋಗುವಾಗ ಮಾಡುವುದು ಅದು. ರಂಗಕ್ಕ ಜಗಲಿಯ ಮೇಲೆ ಖಾಲಿ ಮೊರ ಹಿಡಿದು ನಿಂತಿದ್ದಳು. ಹುಚ್ಚಣ್ಣ ಹಾರನ್ನು ಒತ್ತಿ ಹಿಡಿದ, ಬಾಗಿಲು ದಾಟುವವರೆಗೂ ಬಿಡಲಿಲ್ಲ. ಪಕ್ಕದಲ್ಲಿ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಆ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ.

ವನಜಾಕ್ಷಿ ಹೋದಳು. ಸೋಮವಾರ, ಕುರಿಗಳನ್ನು ಬಿಡುವುದಕ್ಕೆ ಮೊದಲು.